ಹೊತ್ತು ಮುಳುಗಿದ ಮೇಲಿನ ಸಕ್ಕರೆ

ನರ್ಸಿಂಗ್ ಕಲಿಯುತ್ತಿದ್ದಾಗ ನಮಗೆ ಐದು ಮಾತನ್ನು ಗಿಳಿಪಾಠ ಮಾಡಿಸಿದ್ದರು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ವೇಳೆ, ಸರಿಯಾದ ದಾರಿ. ದಾರಿ ಎಂದರೆ ಬಾಯಿಗೋ, ಸ್ನಾಯುವಿಗೋ, ನರಕ್ಕೋ ಎಂದು. ಈ ಐದು ಸರಿಯಿದ್ದರೆ ಯಮನೂ ವಾರ್ಡಿನ ಹೊರಗೇ ನಿಲ್ಲಬೇಕು ಎಂದು ನಾನು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಬೆಳಗಾವಿಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡು. ಖಾನಾಪುರದ ಕಡೆಯ ಜೈನರ ಅಜ್ಜಿಯೊಬ್ಬಳು, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ಬಂದು ಸೇರಿದ್ದಳು. ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಆಸ್ಪತ್ರೆಯ ಊಟ ಆಕೆಗೆ ನಡೆಯದು. ಸೊಸೆ ಅನಗೋಳದ ಬೀಗರ ಮನೆಯಲ್ಲಿ ಉಳಿದುಕೊಂಡು ದಿನಾಲೂ ಹೊತ್ತಿರುವಾಗಲೇ ಡಬ್ಬಿ ತರುತ್ತಿದ್ದಳು. ಸಂಜೆ ನಾವು ಇನ್ಸುಲಿನ್ ಚುಚ್ಚುವುದು, ಅರ್ಧ ಗಂಟೆಗೆ ಆಯಿ ಉಣ್ಣುವುದು ರೂಢಿಯಾಗಿಬಿಟ್ಟಿತ್ತು.

ಚಳಿಗಾಲದ ಆ ಸಂಜೆ ಸ್ಟಾಫ್ ನರ್ಸ್ ಸೂಜಿ ಹಿಡಿದಿದ್ದರು, ನಾನು ಟ್ರೇ ಹಿಡಿದಿದ್ದೆ. ಹೆಸರು ಕೇಳಿದರು, ಬಾಟಲಿ ಓದಿದರು, ಅಳತೆಯನ್ನು ನನಗೂ ತೋರಿಸಿ ಚುಚ್ಚಿದರು. ಐದೂ ಸರಿ! ಆದರೆ ಬಸ್ಸು ಕೆಟ್ಟು ಸೊಸೆ ಡಬ್ಬಿ ತಂದಾಗ ವಾರ್ಡಿನ ದೀಪ ಹತ್ತಿತ್ತು. ಆಯಿ ಡಬ್ಬಿ ಮುಟ್ಟಲಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವುದು ಅವರಲ್ಲಿಲ್ಲ. ಒಂದು ಹೊತ್ತು ಉಪವಾಸವಿದ್ದರೆ ಏನು ಮಹಾ ಎಂದು ಸೊಸೆಯೂ ಸುಮ್ಮನಾದಳು. ಅದನ್ನು ನಮಗೆ ಹೇಳಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸೊಸೆ ಚೀರಿದಳು.

"ಬಾಯಾರ, ಲಗೂನ ಬರ್ರಿ! ಅತ್ತಿ ಹೆಂಗೋ ಮಾಡಾಕತ್ತಾರ!"

ಓಡಿದೆವು. ಅಯ್ಯೋ ಶಿವನೆ! ಅಂಥ ಚಳಿಯಲ್ಲಿ ಆಯಿ ಬೆವತು ತೊಪ್ಪೆಯಾಗಿದ್ದಳು. ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಮುಚ್ಚಿದ್ದ ಡಬ್ಬಿ ಕಂಡದ್ದೇ ನನಗೆ ಗೊತ್ತಾಯಿತು. ಇನ್ಸುಲಿನ್ ಒಳಗೆ ಹೋಗಿದೆ, ಅನ್ನ ಹೋಗಿಲ್ಲ. ರಕ್ತದ ಸಕ್ಕರೆ ಪಾತಾಳ ಕಂಡಿದೆ. ಸಕ್ಕರೆ ನೀರು ಕಲಸಿ ತಂದೆ.

"ಆಯಿ, ಒಂದ ಗುಟುಕ ಕುಡೀರಿ, ನಿಮ್ಮ ಕಾಲ ಬೀಳ್ತೀನಿ."

"ಹೊತ್ತ ಮುಣಗೇತಿ... ಬ್ಯಾಡ" ಎಂದು ಹಲ್ಲು ಕಚ್ಚಿದಳು.

ಜೀವ ಹೋಗುತ್ತಿದೆ, ಇದೆಂಥ ಹಟ! ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. ನೋಡನೋಡುತ್ತ ಆಯಿಗೆ ಎಚ್ಚರ ತಪ್ಪಿತು. ಸೊಸೆ "ಪಾಪ ನನಗ ಬರಲಿ" ಎಂದು ಲೋಟ ಕಸಿದು ಅತ್ತೆಯ ತುಟಿಗೆ ಹಿಡಿದಳು.

ಸ್ಟಾಫ್ ನರ್ಸ್ ಆ ಕೈಯನ್ನು ದೂಡಿದರು. "ಎಚ್ಚರ ಇಲ್ಲದಾಕಿ ಬಾಯಾಗ ನೀರ ಹಾಕಬ್ಯಾಡ! ಪುಪ್ಪಸಕ್ಕ ಹೋಗಿ ಉಸರ ಕಟ್ಟತೈತಿ!"

ಡಾಕ್ಟರು ಬಂದವರೇ ದೊಡ್ಡ ಗಾಜಿನ ಸಿರಿಂಜಿನಲ್ಲಿ ಗ್ಲುಕೋಸ್ ತುಂಬಿ ಆಯಿಯ ತೋಳಿನ ನರಕ್ಕೆ ಕೊಟ್ಟರು. ಸಿರಿಂಜು ಖಾಲಿಯಾಗುವಷ್ಟರಲ್ಲಿ ಆಯಿ ಕಣ್ಣು ತೆರೆದು, ಸುತ್ತ ನೋಡಿ, ನನ್ನ ಕೈ ಹಿಡಿದಳು.

"ತಂಗಿ, ನನ್ನ ಬಾಯಾಗ ಏನೂ ಹಾಕಿಲ್ಲಲ್ಲ?"

"ಇಲ್ರಿ ಆಯಿ, ಒಂದ ಹನೀನೂ ಇಲ್ಲ" ಎಂದೆ. ಅದು ಖರೇ ಮಾತೇ. ಆಯಿ ನಿಶ್ಚಿಂತಳಾಗಿ ಕಣ್ಣು ಮುಚ್ಚಿದಳು.

"ಇನ್ನ ಮ್ಯಾಲ ಡಬ್ಬಿ ಕಣ್ಣಿಗಿ ಬೀಳೂತನಕ ಈಕಿಗಿ ಸೂಜಿ ಇಲ್ಲ" ಎಂದರು ಸ್ಟಾಫ್ ನರ್ಸ್.

ಸೊಸೆ ನನ್ನನ್ನು ಬಾಗಿಲ ಬಳಿ ಕರೆದು ಕೇಳಿದಳು. "ಆ ಸೂಜ್ಯಾಗ ಇದ್ದದ್ದು ಎಂಥಾ ಔಷಧರೀ? ಹೋದ ಜೀವ ತಿರುಗಿ ಬಂತಲ್ಲ!"

"ಔಷಧ ಎಲ್ಲೀದ್ರಿ ಅಕ್ಕಾ? ಸಕ್ಕರಿ ನೀರ ಅದು."

ಆಕೆಯ ಮುಖ ಬಿಳಿಚಿಕೊಂಡಿತು. ಹಿಂತಿರುಗಿ ಮಂಚದ ಕಡೆ ನೋಡಿದವಳೇ ನನ್ನ ಬಾಯಿಯ ಮೇಲೆ ಅಂಗೈ ಒತ್ತಿದಳು.

"ಮೆಲ್ಲಕ ಅನ್ರಿ! ಅತ್ತಿಗಿ ಗೊತ್ತಾದ್ರ, ಪ್ರಾಯಶ್ಚಿತ್ತ ಅಂತ ನಾಳಿ ಹಗಲೂ ಉಪಾಸ ಕುಂದರ್ತಾರ!"