ಅಳಿಲಿನ ಉಗ್ರಾಣದಲ್ಲಿ ಒಂದು ಹಿಡಿ

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಉತ್ತರ ಕೆರೊಲೈನಾದ ಬೆಟ್ಟದ ಕಾಡಿನಲ್ಲಿ ಅಳಿಲುಗಳ ಬೆನ್ನು ಹತ್ತಿದ್ದೆ. ಗಂಡನಿಗೆ ಷಾರ್ಲೆಟ್‌ನಲ್ಲಿ ಕೆಲಸ, ನನಗೆ ಪಿಎಚ್‌ಡಿ. ನನ್ನದು ಊರೊಳಗಿನ ಬೂದು ಅಳಿಲಲ್ಲ. ಎತ್ತರದ, ಸೂಜಿಯೆಲೆಯ ಸ್ಪ್ರೂಸ್ ಮರಗಳಲ್ಲಿರುವ ಸಣ್ಣ ಕೆಂಪು ಅಳಿಲು, ಮಹಾ ಜಗಳಗಂಟಿ. ಸೆಪ್ಟೆಂಬರ್ ಬಂತೆಂದರೆ ಕೋನ್‌ಗಳನ್ನು, ಅಂದರೆ ಸ್ಪ್ರೂಸ್ ಕಾಯಿಗಳನ್ನು, ಹಸಿಯಿರುವಾಗಲೇ ಕಡಿದು ಕೆಡವಿ, ಮರದ ಬುಡದ ತಂಪು ಪೊಟರೆಯಲ್ಲಿ ಚಳಿಗಾಲಕ್ಕೆ ಕೂಡಿಡುತ್ತದೆ. ಆ ಉಗ್ರಾಣವನ್ನು ಬರಿದು ಮಾಡಿದರೆ ಅಳಿಲು ಅಲ್ಲೇ ಉಳಿಯುತ್ತದೋ, ಜಾಗ ಬಿಡುತ್ತದೋ ಎಂಬುದು ನನ್ನ ಪ್ರಶ್ನೆ. ಕಾಗದದ ಮೇಲೆ ಬರೆದಾಗ ಅದರಲ್ಲಿ ಕ್ರೌರ್ಯವೇನೂ ಕಂಡಿರಲಿಲ್ಲ.

ಆ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದರು. ಅಪಾರ್ಟ್‌ಮೆಂಟಿನಲ್ಲಿ ಕೂತು ಕೂತು ಬೇಜಾರಾಗಿ ಒಂದು ದಿನ ನನ್ನ ಜೊತೆ ಕಾಡಿಗೆ ಹೊರಟರು. ಸೀರೆಯ ಮೇಲೆ ಮಗನ ಜಾಕೆಟ್, ಕಾಲಿಗೆ ಸ್ನೀಕರ್ಸ್. ನಾನು ಗುರುತಿಗೆಂದು ಕಿವಿಗೆ ಹಳದಿ ಬಿಲ್ಲೆ ಹಾಕಿದ್ದ ಹೆಣ್ಣು ಅಳಿಲೊಂದು ಮೇಲಿಂದ ನಮ್ಮನ್ನು ಬಯ್ಯುತ್ತಿತ್ತು. ಅದರ ಪೊಟರೆಯಿಂದ ನಾನು ಕಾಯಿ ತೆಗೆದು ಕೊಟ್ಟಂತೆ ಅತ್ತೆ ಚೀಲಕ್ಕೆ ತುಂಬಿಸಿದರು. ನಾನು ಅಳತೆಯ ಟೇಪು ತರಲು ಹೋಗಿ ಬರುವಷ್ಟರಲ್ಲಿ ಅವರು ಚೀಲದಿಂದ ಒಂದು ಹಿಡಿ ತೆಗೆದು ಮತ್ತೆ ಪೊಟರೆಯೊಳಗೆ ಹಾಕಿಬಿಟ್ಟಿದ್ದರು.

ನಮ್ಮ ಮನೆಗಳಲ್ಲಿ ಅಕ್ಕಿ ಡಬ್ಬವನ್ನು ಯಾರೂ ತಳ ಕಾಣುವ ಹಾಗೆ ಬರಿದು ಮಾಡುವುದಿಲ್ಲ. ಹೊಸ ಅಕ್ಕಿ ಬರುವವರೆಗೆ ಒಂದು ಹಿಡಿಯಾದರೂ ಇರಬೇಕು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸಿಟ್ಟು ನೆತ್ತಿಗೇರಿತು. ಇರುವುದೇ ಬೆರಳೆಣಿಕೆಯ ಮರಗಳು, ಒಂದು ಕೆಟ್ಟರೂ ನನ್ನ ವರ್ಷವೇ ಹಾಳು ಎಂದು ರೇಗಿದೆ. ಅಷ್ಟು ಕಾಯಿ ಅದರ ಒಂದು ದಿನದ ಹೊಟ್ಟೆಗೂ ಸಾಲದು ಎಂದೆ.

"ಹೊಟ್ಟೆಗೆ ಅಂತ ಹಾಕ್ಲಿಲ್ಲ ಕಣಮ್ಮ," ಅಂದರು ಅತ್ತೆ. "ಬಂದು ನೋಡ್ದಾಗ ಪೂರ್ತಿ ಖಾಲಿ ಇರ್ಬಾರ್ದು, ಅಷ್ಟೇ."

ನಾನು ಕೈ ಹಾಕಿ ಆ ಹಿಡಿಯನ್ನೂ ಹೊರಗೆ ತೆಗೆದೆ. ಇವತ್ತಾಗಿದ್ದರೂ ಹಾಗೇ ಮಾಡುತ್ತಿದ್ದೆ. ಪ್ರಯೋಗ ಅಂದರೆ ಪ್ರಯೋಗ. ಅವರು ಚೀಲದ ಬಾಯಿ ಅಗಲಿಸಿ ಹಿಡಿದರು.

ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಮತ್ತೆ ಎಲ್ಲ ಮರಗಳ ಬಳಿಗೂ ಹೋದೆ. ಹೋಲಿಕೆಗೆಂದು ಮುಟ್ಟದೆ ಬಿಟ್ಟಿದ್ದ ಮರಗಳಲ್ಲಿ ಅಳಿಲುಗಳು ಎಂದಿನಂತೆ ಬಯ್ದವು. ಬರಿದು ಮಾಡಿದ್ದ ಮರಗಳಲ್ಲಿ ಒಂದೂ ಇರಲಿಲ್ಲ. ಸತ್ತವೋ, ಬೇರೆ ಕಡೆ ಹೋದವೋ, ಹೇಳುವುದು ಹೇಗೆ? ಹಳದಿ ಬಿಲ್ಲೆಯದು ಮತ್ತೆ ಕಣ್ಣಿಗೆ ಬೀಳಲೇ ಇಲ್ಲ. ಅದರ ಮರದ ಕೆಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಬಹಳ ದುಃಖವಾಯಿತು. ಉತ್ತರ ಮಾತ್ರ ಸ್ಪಷ್ಟವಾಗಿ ಸಿಕ್ಕಿತ್ತು, ಪ್ರೊಫೆಸರ್ ಬೆನ್ನು ತಟ್ಟಿದರು.

ಅಷ್ಟರಲ್ಲಿ ಅತ್ತೆ ಮೈಸೂರಿಗೆ ಹಿಂದಿರುಗಿದ್ದರು. ಭಾನುವಾರದ ಫೋನಿನಲ್ಲಿ ಅವರೇ ಕೇಳಿದರು, ಆ ಅಳಿಲು ಇದೆಯಾ ಎಂದು. ಇಲ್ಲ ಎಂದೆ. ಖಾಲಿ ಮಾಡಿದ ಕಡೆ ಯಾವುದೂ ಉಳಿದಿಲ್ಲ ಎಂದೂ ಹೇಳಿದೆ. ಕೊಂಕು ಆಡುವುದು ಅವರಿಗೆ ಬರುತ್ತಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಹಾಗಿದ್ರೆ ನಿನ್ನ ಓದಿಗೆ ಒಳ್ಳೇದೇ ಆಯ್ತು, ಅಲ್ವಾ?"

"ಹೌದು ಅತ್ತೆ," ಅಂದೆ.