ಗೋಡೆಗೆ ಒಗೆದ ಚೆಂಡು

ಕಮಲಾಪುರದ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುವ ನನಗೆ ದೊಡ್ಡ ಶತ್ರು ಅಂದರೆ ಕ್ರಿಕೆಟ್. ಚೆಂಡು ಕೈಗೆ ಸಿಕ್ಕ ಕೂಡಲೇ ಎಲ್ಲರೂ ಸ್ಟಂಪಿಗೆ ಹೊಡೆಯುವಂತೆ ಬೇಸ್ ಎಂದು ನೆಲದ ಮೇಲಿಟ್ಟ ಚೀಲಕ್ಕೇ ಗುರಿ ಇಡುತ್ತಾರೆ. ಅಲ್ಲಿ ನಿಂತು ಚೆಂಡು ಹಿಡಿಯಬೇಕಾದವಳು ಗ್ಲೌಸ್ ಹಾಕಿಕೊಂಡು ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಾಳೆ.

“ಚೀಲಕ್ಕಲ್ಲವ್ವಾ, ಮನುಷ್ಯಾರಿಗಿ ಒಗೀರಿ! ಹಿಡೀಲಾಕ ಆಕಿ ನಿಂತಾಳಲ್ಲ, ಆಕಿ ಎದಿ ಮಟ್ಟಕ್ಕ ಒಗೀರಿ,” ಎಂದು ಅವತ್ತೂ ಒದರಿದೆ.

ಸಬಿಹಾ ಎಂಬ ಹುಡುಗಿ ಕೇಳಿದಳು: “ನೀವು ಮನ್ಯಾಗ ಯಾರಿಗಿ ಒಗೀತೀರಿ ಸರ್?”

“ಗ್ವಾಡಿಗಿ,” ಎಂದೆ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೋಗಿ ಬೇಸ್ ಹತ್ತಿರ ನಿಂತು ಗ್ಲೌಸ್ ಎತ್ತಿದಳು. “ನಾ ನಿಂತೀನಿ, ಒಗೀರಿ.”

ಒಗೆದೆ. ಚೆಂಡು ಅವಳ ತಲೆ ದಾಟಿ ಬೇಲಿಯಾಚೆಯ ಬಾಳೆ ತೋಟಕ್ಕೆ ಬಿತ್ತು. ಗೋಡೆಗೆ ಎಲ್ಲಿ ಒಗೆದರೂ ನಡೆಯುತ್ತದೆ ನೋಡಿ, ಅದೇ ರೂಢಿಯಾಗಿತ್ತು.

ಕಲಬುರಗಿಯ ಬಸ್ಸು ಹಿಡಿದು, ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯ ನನ್ನ ಬಾಡಿಗೆ ಕೋಣೆ ಸೇರಿದೆ. ದಿನಾ ಸಂಜೆ ಕಾಂಪೌಂಡ್ ಗೋಡೆಗೆ ಚೆಂಡು ಒಗೆಯುತ್ತಿದ್ದವನಿಗೆ ಅವತ್ತು ಕೈ ಏಳಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯಾಚೆಯ ಮನೆಯ ಯಜಮಾನರು ಗೇಟಿಗೆ ಬಂದರು. ಚೆಂಡು ಬಡಿದು ಗೋಡೆಯ ಸುಣ್ಣ ಉದುರುತ್ತದೆಂದು ನನ್ನ ಜೊತೆ ಜಗಳವಾಡುವುದು ಬಿಟ್ಟರೆ ಬೇರೆ ಮಾತೇ ಆಡದ ಹಿರಿಯರು.

“ನಿನ್ನಿ ಚೆಂಡಿನ ಸಪ್ಪಳಾನೇ ಬರಲಿಲ್ಲಲ್ರಿ. ಆರಾಮ್ ಇದ್ದೀರಿಲ್ಲ?”

“ಆರಾಮ್ ಇದ್ದೀನ್ರಿ.”

ಅವರು ಹೊರಟವರು ತಿರುಗಿ ನಿಂತು, “ಸುಣ್ಣ ಉದರೋದು ಮಾತ್ರ ಮರೀಬ್ಯಾಡ್ರಿ,” ಎಂದರು.

ಅವತ್ತು ಸಂಜೆ ಮತ್ತೆ ಆ ಗೋಡೆಗೇ ಒಗೆದೆ. ಎದೆ ಮಟ್ಟಕ್ಕೆ ನೋಡಿಕೊಂಡು ಒಗೆದೆ.