ಕೆಳಮೂಲೆಯ ಎರಡಕ್ಷರ

ಶಿವಪುತ್ರಪ್ಪನಿಗೆ ತಮ್ಮನೆಂದರೆ ಪ್ರಾಣ. ತಮ್ಮನ ಏಳಿಗೆಯೆಂದರೆ ಮಾತ್ರ ಪ್ರಾಣಸಂಕಟ. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಿ ಪ್ರಯೋಜನವಿಲ್ಲ.

ಬೈಲಹೊಂಗಲದ ಕಡೆಯ ಈ ಮನುಷ್ಯ ಮ್ಯಾಟ್ರಿಕ್ ಮುಗಿಸಿ ಪುಣೆಗೆ ಬಂದದ್ದು ಇಂಜಿನಿಯರ್ ಆಗಲೆಂದೇ. ಬಂದ ವರ್ಷವೇ ಅಪ್ಪ ತೀರಿಕೊಂಡ. ಲೆಕ್ಕದಲ್ಲಿ ಇಡೀ ಶಾಲೆಗೆ ಮುಂದಿದ್ದವನು ಕ್ಯಾಂಪ್ ಭಾಗದ ಸರಕಾರಿ ರಸ್ತೆ-ಕಟ್ಟಡಗಳ ಕಚೇರಿಯಲ್ಲಿ ಟ್ರೇಸರ್ ಆಗಿ ಕುಳಿತ. ಇನ್ನೊಬ್ಬರು ಬರೆದ ನಕ್ಷೆಯ ಮೇಲೆ, ಅಡಿಯ ಗೆರೆ ಕಾಣುವಂಥ ತೆಳು ಬಟ್ಟೆ ಹಾಸಿ ಗೆರೆಗೆ ಗೆರೆ ಇಳಿಸುವುದು ಅವನ ಕೆಲಸ. ಮುಗಿದ ಮೇಲೆ ಹಾಳೆಯ ಬಲಗಡೆ ಕೆಳಮೂಲೆಯ ಸಣ್ಣ ಚೌಕದಲ್ಲಿ ‘ಎಸ್. ಬಿ.’ ಎಂದು ತನ್ನ ಹೆಸರಿನ ಎರಡಕ್ಷರ ಹಾಕಬೇಕು. ಅದರ ಮೇಲಿನ ದೊಡ್ಡ ಚೌಕ ಇಂಜಿನಿಯರರ ಸಹಿಗೆ. ಹದಿನಾಲ್ಕು ವರ್ಷದಿಂದ ಅವನಿಗೆ ಆ ದೊಡ್ಡ ಚೌಕದ ಮೇಲೇ ಕಣ್ಣು.

ತಮ್ಮ ಈರಬಸಪ್ಪ ಹನ್ನೆರಡು ವರ್ಷ ಕಿರಿಯ. ಕಸಬಾ ಪೇಠೆಯ ವಾಡೆಯಲ್ಲಿ ಅಣ್ಣನ ಎರಡು ಕೋಣೆಯ ಸಂಸಾರದಲ್ಲೇ ಇದ್ದುಕೊಂಡು ಇಂಜಿನಿಯರಿಂಗ್ ಕಾಲೇಜು ಸೇರಿದ್ದ. ಸೇರಿಸಿದವನೂ ಶಿವಪುತ್ರಪ್ಪನೇ, ಅದಕ್ಕೆ ಉರಿದವನೂ ಅವನೇ. ಹೆಂಡತಿ ಕಾಶವ್ವ ಮೈದುನನ ರೊಟ್ಟಿಗೆ ಒಂದು ಚಮಚ ಬೆಣ್ಣೆ ಹೆಚ್ಚಿಗೆ ಹಾಕಿದರೆ ಇವನು ಅದನ್ನೂ ಲೆಕ್ಕ ಇಡುತ್ತಿದ್ದ.

“ಅಭ್ಯಾಸ ಮಾಡೋ ಹುಡುಗ ಅದಾನ್ರಿ,” ಎನ್ನುತ್ತಿದ್ದಳು ಆಕೆ.

“ನಾ ಏನ ದನಾ ಕಾಯ್ತೀನೇನು?” ಎಂದು ಇವನು ತಟ್ಟೆ ಸರಿಸಿ ಏಳುತ್ತಿದ್ದ.

ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಕಾಲೇಜಿನಿಂದ ಒಂದು ಅರ್ಜಿ ಬಂತು. ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್, ಈ ಮೂರರಲ್ಲಿ ಯಾವುದು ಮೊದಲು ಬೇಕು, ಯಾವುದು ಆಮೇಲೆ ಎಂದು ಬರೆದುಕೊಡಬೇಕು. ಅಂಕ ಚೆನ್ನಾಗಿದ್ದವರಿಗೆ ಮೊದಲು ಬರೆದದ್ದೇ ಸಿಗುತ್ತಿತ್ತು, ಈರಬಸಪ್ಪನ ಅಂಕ ಚೆನ್ನಾಗಿಯೇ ಇದ್ದವು. ಅವನು ಖಾಲಿ ಅರ್ಜಿಗೆ ಸಹಿ ಹಾಕಿ ಅಣ್ಣನ ಮುಂದಿಟ್ಟ.

“ಸಿವಿಲ್ ಮೊದಲ ಬರಿ ಅಣ್ಣಾ. ನಿನ್ನ ಅಕ್ಷರ ಮುತ್ತಿನಂಥಾವು. ಆಫೀಸಿಗೆ ಹೋಗೂ ಮುಂದ ಕಾಲೇಜಿನ್ಯಾಗ ಕೊಟ್ಟ ಹೋಗು.”

ಸಿವಿಲ್ ಓದಿದರೆ ನಾಲ್ಕು ವರ್ಷಕ್ಕೆ ಇವನು ನಮ್ಮ ಕಚೇರಿಗೇ ಬರುತ್ತಾನೆ. ನಾನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ತಿದ್ದಿಸಿದವನು ದೊಡ್ಡ ಚೌಕದಲ್ಲಿ ಸಹಿ ಹಾಕುತ್ತಾನೆ, ನಾನು ಕೆಳಗಿನ ಸಣ್ಣ ಚೌಕದಲ್ಲಿ! ಶಿವಪುತ್ರಪ್ಪ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡ. ತಮ್ಮ ಆಚೆ ಹೋದದ್ದೇ ತಡ, ಲೇಖನಿ ಎತ್ತಿ ಮೊದಲು ಇಲೆಕ್ಟ್ರಿಕಲ್ ಎಂದು ಬರೆದ, ಆಮೇಲೆ ಮೆಕ್ಯಾನಿಕಲ್, ಕಟ್ಟಕಡೆಗೆ ಸಿವಿಲ್. ಅರ್ಜಿಯನ್ನು ಕೊಟ್ಟೂ ಬಂದ.

ಮೂರನೆಯ ದಿನ ಈರಬಸಪ್ಪ ಅದೇ ಅರ್ಜಿ ಹಿಡಿದುಕೊಂಡು ಮನೆಗೆ ಬಂದ. ಬಲಗಡೆ ಕೆಳಮೂಲೆಯಲ್ಲಿ ಬೆರಳಿಟ್ಟ. ‘ಎಸ್. ಬಿ.’

ಹದಿನಾಲ್ಕು ವರ್ಷದ ರೂಢಿ! ಕೈ ತಾನಾಗಿ ಬರೆದುಬಿಟ್ಟಿತ್ತು. ಗಾದೆಯ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಷ್ಟೆ. ಇವನು ಸಹಿಯನ್ನೇ ಹಾಕಿಕೊಟ್ಟಿದ್ದ.

“ಯಾರ ಸಹಿ ಇದು, ಬರಿಸ್ಕೊಂಡ ಬಾ ಅಂತ ಕ್ಲಾರ್ಕ್ ವಾಪಸ್ ಕೊಟ್ಟಾನ,” ಎಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಇವನಿಗೆ ತಡೆಯಲಾಗಲಿಲ್ಲ.

“ಮುಂದ ಕರೆಂಟಿನ ಕಾಲ ಬರ್ತದ. ನಿನ್ನ ಚಲೋದಕ್ಕಂತ ಬರದೆ,” ಎಂದು ಶಿವಪುತ್ರಪ್ಪ ಗೋಡೆ ನೋಡುತ್ತ ಹೇಳಿದ.

ಈರಬಸಪ್ಪ ಅರ್ಜಿಯನ್ನು ಮಡಚಿದ.

“ಸಿವಿಲ್ ಯಾಕ ಬೇಕಾಗಿತ್ತಂದ್ರ, ನಿನ್ನ ಆಫೀಸಿಗೆ ಬರಬೇಕಂತ ಇತ್ತಣ್ಣಾ. ಒಂದ ಹಾಳಿ ಮ್ಯಾಲ ನಮ್ಮಿಬ್ಬರ ಹೆಸರು ಇರಲಿ, ಊರಾಗ ಅವ್ವಗ ಒಯ್ದ ತೋರಸೂಣು ಅಂತ. ನಿನಗ ಬ್ಯಾಡಾದ್ರ ಬ್ಯಾಡ ಬಿಡು.”

ಅವನು ಅರ್ಜಿಯನ್ನು ತಿದ್ದಲಿಲ್ಲ. ಅಣ್ಣನ ಎರಡಕ್ಷರದ ಪಕ್ಕದಲ್ಲಿ ‘ಬರೆದವರು ನನ್ನ ಅಣ್ಣ’ ಎಂದು ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಮರುದಿನ ಕೊಟ್ಟುಬಂದ. ತಿದ್ದು ಎನ್ನಲು ಶಿವಪುತ್ರಪ್ಪನಿಗೆ ಇಡೀ ಒಂದು ಸಂಜೆ ಇತ್ತು. ಅವನು ಬಾಯಿ ಬಿಡಲಿಲ್ಲ.

ಕರೆಂಟಿನ ಕಾಲ ಬಂದೇ ಬಂತು. ಈರಬಸಪ್ಪ ಓದು ಮುಗಿಸಿ ಘಟ್ಟದ ಕೆಳಗಿನ ಒಂದು ವಿದ್ಯುತ್ ಕಂಪನಿ ಸೇರಿ ದೊಡ್ಡ ಮನುಷ್ಯನಾದ. ಶಿವಪುತ್ರಪ್ಪ ಯಾರ್‍ಯಾರದೋ ಸಹಿಯ ಕೆಳಗೆ ಎರಡಕ್ಷರ ಹಾಕುತ್ತಲೇ ಉಳಿದ. ಹತ್ತು ವರ್ಷದ ಮೇಲೆ ಒಂದು ದೀಪಾವಳಿಗೆ ತಮ್ಮ ಬಂದವನು ತನ್ನ ನಕ್ಷೆಯೊಂದನ್ನು ಬಿಚ್ಚಿ ನೆಲದ ಮೇಲೆ ಹಾಸಿದ. ದೊಡ್ಡ ಚೌಕದಲ್ಲಿ ಈರಬಸಪ್ಪನ ಸಹಿ ಠೀವಿಯಿಂದ ಕೂತಿತ್ತು. ಶಿವಪುತ್ರಪ್ಪ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕನ್ನಡಕ ಏರಿಸಿ, ಮೊಣಕಾಲೂರಿ, ಕೆಳಗಿನ ಸಣ್ಣ ಚೌಕಕ್ಕೆ ಬಾಗಿದ.

“ಯಾರಿವಾ?”

“ಬಾಳು ಅಂತ, ನಮ್ಮ ಟ್ರೇಸರ್. ಭಾಳ ಚಲೋ ಕೈ ಅದ ಅಣ್ಣಾ ಅವಂದು.”

“ಏನ್ ಚಲೋ? ಗೆರಿ ನೋಡು, ಒಂದ ದಪ್ಪ, ಒಂದ ಸಣ್ಣ. ಅಕ್ಷರಕ್ಕ ಕಾಲಽ ಇಲ್ಲ.”

ಗೆರೆಗಳು ನೆಟ್ಟಗೇ ಇದ್ದವು. ಶಿವಪುತ್ರಪ್ಪ ಬಾಳುವಿನ ಆ ಎರಡಕ್ಷರ ಮುಚ್ಚುವಂತೆ ಹೆಬ್ಬೆರಳು ಇಟ್ಟವನು, ಕಾಶವ್ವ ಊಟಕ್ಕೆ ಎರಡು ಸಲ ಕರೆದರೂ ತೆಗೆಯಲಿಲ್ಲ.